ಗೈಡಿನ ಹಿಂದೆ ಅಪ್ರದಕ್ಷಿಣೆ

ಸೈಕಲ್ ತುಳಿಯುವವನ ಕಿವಿಗೆ ಪಾಠ ಬೀಳುವುದಿಲ್ಲ. ಗಾಳಿ ಬಡಿಯುತ್ತಿರುತ್ತದೆ, ಕಣ್ಣೆಲ್ಲ ಮುಂದಿನವರ ಚಕ್ರದ ಮೇಲೆ. ಹಾಗಾಗಿ ಸೈಕಲ್ ಟೂರಿನ ಗೈಡ್ ಬಾಯಿ ಬಿಡುವುದು ನಿಂತಾಗ ಮಾತ್ರ. ಬಸ್ಸಿನವರ ಹಾಗೆ ಮೈಕ್ ಹಿಡಿದು ಉದ್ದಕ್ಕೂ ಕೊರೆಯುವ ಅವಕಾಶ ಅವನಿಗಿಲ್ಲ. ನನಗೆ ಈ ಏರ್ಪಾಡು ತುಂಬ ಹಿಡಿಸಿತು.

ಮಗಳ ಮನೆಗೆಂದು ನ್ಯೂಯಾರ್ಕಿಗೆ ಹೋದವರಿಗೆ ಸೆಂಟ್ರಲ್ ಪಾರ್ಕ್ ದರ್ಶನ ಕಡ್ಡಾಯ. 843 ಎಕರೆ. ನಮ್ಮ ಲಾಲ್‌ಬಾಗ್ ಮೂರು ಸಲ ಹಿಡಿಸಿ ಮೇಲೆ ಜಾಗ ಉಳಿಯುತ್ತದೆ. ನಡೆಯೋಣವೆಂದರೆ ಮಂಡಿ ಒಪ್ಪುವುದಿಲ್ಲ. ಒಳಗಿನ ಸುತ್ತುರಸ್ತೆಗೆ 2018ರಿಂದ ಕಾರು ಬಂದ್. ಕುದುರೆ ಗಾಡಿಯ ರೇಟು ಕೇಳಿದ ಮೇಲೆ ಸೈಕಲ್ಲೇ ವಾಸಿ ಅನ್ನಿಸಿತು.

ಕತ್ತರಿ ಕಾಲು ಹಾಕಿ ಕಲಿತ ವಿದ್ಯೆಯನ್ನು ಕಾಲು ಮರೆಯುವುದಿಲ್ಲ. ಕೈಗೆ ಮಾತ್ರ ಹೊಸ ಪಾಠ: ಅಲ್ಲಿ ಮುಂದಿನ ಚಕ್ರದ ಬ್ರೇಕು ಎಡಗೈಗೆ. ರಸ್ತೆ ಒನ್‌ವೇ ಬೇರೆ, ಅದೂ ಅಪ್ರದಕ್ಷಿಣೆ! ದೇವಸ್ಥಾನ ಸುತ್ತಿ ಬೆಳೆದವರಿಗೆ ಸ್ವಲ್ಪ ಕಸಿವಿಸಿಯೇ.

ಬೆಥೆಸ್ಡಾ ಕಾರಂಜಿಗೆ ಸೈಕಲ್ ತಳ್ಳಿಕೊಂಡೇ ಹೋಗಬೇಕು. ಕಾಲುದಾರಿಯಲ್ಲಿ ಸವಾರಿ ಇಲ್ಲ. ನೀರಿನ ಮೇಲೆ ನಿಂತ ದೇವತೆಯನ್ನು ಮಾಡಿದವಳು ಎಮ್ಮಾ ಸ್ಟೆಬಿನ್ಸ್, ಅನಾವರಣ ಆದದ್ದು 1873ರಲ್ಲಿ. ಆದರೆ ಗೈಡ್ ತೋರಿಸಿದ್ದು ಅದರಾಚೆಯ ಸರೋವರವನ್ನು. ‘ಇದು ಅಗೆದದ್ದು’ ಅಂದ. ಓಮ್‌ಸ್ಟೆಡ್ ಮತ್ತು ವಾಕ್ಸ್ ಎಂಬಿಬ್ಬರು 1858ರಲ್ಲಿ ಪಾರ್ಕಿನ ವಿನ್ಯಾಸದ ಸ್ಪರ್ಧೆ ಗೆದ್ದು ಹಾಕಿಕೊಟ್ಟ ನಕ್ಷೆ. ಮಣ್ಣು ಬೇರೆ ಕಡೆಯಿಂದ ತಂದದ್ದು, ಬಂಡೆ ಮದ್ದಿಟ್ಟು ಸಿಡಿಸಿದ್ದು. ಆಚೆ ಕಾಡಿನಂತೆ ಕಾಣುವ ಕಡೆ ಜುಳುಜುಳು ಹರಿಯುವ ತೊರೆಗೂ ಒಂದು ನಲ್ಲಿ ಇದೆ, ತಿರುಗಿಸಿದರೆ ನಿಂತುಹೋಗುತ್ತದೆ! ಅಡ್ಡ ದಾಟುವ ನಾಲ್ಕು ರಸ್ತೆಗಳನ್ನು ತಗ್ಗಿನಲ್ಲಿ ಅಡಗಿಸಿದ್ದಾರೆ. ನಾವು ಮರ ನೋಡುತ್ತಾ ಹೋಗುವಾಗ ಕೆಳಗೆ ಬಸ್ಸು ಹೋಗುತ್ತಿರುತ್ತದೆ. ಇಷ್ಟು ಜಾಣತನದಿಂದ ಮೋಸ ಮಾಡಿದರೆ ಬೇಜಾರಾಗುವುದಿಲ್ಲ ಬಿಡಿ.

ಅಲ್ಲಿಂದ ಏರು. ಅದಕ್ಕೆ ಕ್ಯಾಟ್ ಹಿಲ್ ಅಂತಾರೆ. ಪಕ್ಕದ ಬಂಡೆಯ ಮೇಲೆ ಕಂಚಿನ ಕಾಡುಬೆಕ್ಕೊಂದು ಹಾರಲು ಹೊಂಚು ಹಾಕಿ ಕೂತಿದೆ. ಸಾಕಷ್ಟು ದೊಡ್ಡದೇ. ದಮ್ಮು ಕಟ್ಟಿ ತುಳಿಯುವಾಗ ತಲೆಯೆತ್ತಿದರೆ ಸರಿಯಾಗಿ ಅದರ ಮುಖವೇ ಸಿಗುತ್ತದೆ. ಗೈಡ್ ಏರಿನ ಕೆಳಗೆ ನಿಲ್ಲಲಿಲ್ಲ, ಮೇಲೆ ನಿಂತ. ಏದುಸಿರು ಬಿಡುವವರು ಎದುರು ಪ್ರಶ್ನೆ ಕೇಳುವುದಿಲ್ಲ, ಅಲ್ವಾ? ಕಸುಬು ಬಲ್ಲವನು.

ಉತ್ತರದ ಹಾರ್ಲೆಮ್ ಹಿಲ್‌ಗೆ ಅವನು ಕರೆದೊಯ್ಯಲಿಲ್ಲ. 102ನೇ ಬೀದಿಯ ಹತ್ತಿರ ಅಡ್ಡರಸ್ತೆ ಹಿಡಿದು ಪಶ್ಚಿಮಕ್ಕೆ ತಿರುಗಿಸಿದ. ಅಲ್ಲಿಂದ ದಕ್ಷಿಣಕ್ಕೆ ಬಂದರೆ 85ನೇ ಬೀದಿಯ ಆಸುಪಾಸಿನ ಇಳಿಜಾರಿನಲ್ಲಿ ಒಂದು ಸಾದಾ ಹುಲ್ಲಿನ ಜಾಗ. ಫೋಟೋ ತೆಗೆಯುವಂಥದ್ದು ಏನೂ ಇಲ್ಲ. 1825ರಿಂದ ಅಲ್ಲಿ ಸೆನೆಕಾ ವಿಲೇಜ್ ಎಂಬ ಊರಿತ್ತು. ಹೆಚ್ಚಿನವರು ಕಪ್ಪು ಜನ, ಸ್ವಂತ ಜಾಗ ಕೊಂಡು ಮನೆ ಕಟ್ಟಿದವರು. ಕಪ್ಪು ಗಂಡಸಿಗೆ ಆಗ ವೋಟು ಬೇಕೆಂದರೆ 250 ಡಾಲರಿನ ಆಸ್ತಿ ಇರಬೇಕಿತ್ತು, ಹಾಗಾಗಿ ಆ ತುಂಡು ನೆಲದ ಬೆಲೆ ಬೇರೆಯೇ. ಮೂರು ಚರ್ಚು, ಒಂದು ಶಾಲೆ, ಸುಮಾರು 225 ಜನ. ಪಾರ್ಕು ಬೇಕೆಂದು 1857ರ ಹೊತ್ತಿಗೆ ಎಲ್ಲರನ್ನೂ ಎಬ್ಬಿಸಿದರು. ಪರಿಹಾರ ಕೊಟ್ಟರು, ಅನೇಕರಿಗೆ ಅದು ಸಾಲದು ಅನ್ನಿಸಿತು. ಆಣೆಕಟ್ಟು, ರಿಂಗ್ ರೋಡು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟೂರ್ ಕಂಪನಿಯವನು ಹೂವು, ಸಿನಿಮಾ ನಟರ ಮನೆ ತೋರಿಸಿ ಮುಗಿಸಬಹುದಿತ್ತು. ಇಲ್ಲಿ ನಿಲ್ಲಿಸಿದ್ದಕ್ಕೆ ಟಿಪ್ಸು ಸ್ವಲ್ಪ ಜಾಸ್ತಿಯೇ ಕೊಟ್ಟೆ.

ಕೊನೆಗೆ ಅವನು ದೀಪದ ಕಂಬದ ಗುಟ್ಟು ಹೇಳಿಕೊಟ್ಟ. ಪ್ರತಿ ಕಂಬದ ಬುಡದ ಹತ್ತಿರ ಅಂಕಿಗಳ ಪುಟ್ಟ ತಗಡು. ಮೊದಲ ಅಂಕಿಗಳು ಹತ್ತಿರದ ಬೀದಿ. ಕೊನೆಯದು ಬೆಸವಾದರೆ ಪಶ್ಚಿಮ, ಸಮವಾದರೆ ಪೂರ್ವ. ಎಲ್ಲರೂ ಸೆಲ್ಫಿಗೆ ನಿಂತರೆ ನಾನು ಬಗ್ಗಿ ಬಗ್ಗಿ ಕಂಬ ಓದಿದೆ.

ಸೈಕಲ್ ವಾಪಸ್ ಕೊಟ್ಟು ಸುಮ್ನೆ ಒಳಗೆ ಅಡ್ಡಾಡುತ್ತಿದ್ದಾಗ ಅಳಿಯನ ಫೋನು. ‘ಮಾವ, ಎಲ್ಲಿದ್ದೀರಾ? ದಾರಿ ತಪ್ಪಿತಾ?’ ಕಂಬದ ಮೇಲೆ 7217 ಅಂತಿತ್ತು. ‘ಎಪ್ಪತ್ತೆರಡನೇ ಬೀದಿ, ಪಶ್ಚಿಮ ಬದಿ. ಬನ್ನಿ’ ಅಂದೆ, ಮ್ಯಾನ್‌ಹಟನ್ನಿನಲ್ಲೇ ಹುಟ್ಟಿ ಬೆಳೆದವನ ಗತ್ತಿನಲ್ಲಿ.