ಕುರ್ದಿಸ್ತಾನ ಹೊಸ ದೇಶವಾಗಿದೆಯೇ? ಸತ್ಯಾಂಶ ಇಲ್ಲಿದೆ

ಕೆಂಪು, ಬಿಳಿ, ಹಸಿರು ಪಟ್ಟಿ, ನಡುವೆ ಹಳದಿ ಸೂರ್ಯ. ಈ ಬಾವುಟ ಬಿಡಿಸಿದ ನಕ್ಷೆಯೊಂದು ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಟರ್ಕಿ, ಇರಾಕ್, ಇರಾನ್, ಸಿರಿಯಾಗಳಲ್ಲಿ ವಾಸಿಸುವ ಕುರ್ದ್ ಜನಾಂಗದವರು 2017ರಲ್ಲಿ ಮತ ಹಾಕಿ ಸ್ವಂತ ದೇಶ ಪಡೆದರು ಅಂತ. ಇದು ನಿಜವಲ್ಲ.

ಮತದಾನ ನಡೆದದ್ದು ಹೌದು. ಆ ವರ್ಷ ಸೆಪ್ಟೆಂಬರ್ 25ರಂದು ಇರಾಕಿನ ಕುರ್ದಿಸ್ತಾನದಲ್ಲಿ ಮತ ಹಾಕಿದವರ ಪೈಕಿ ಶೇ. 90ಕ್ಕೂ ಜಾಸ್ತಿ ಮಂದಿ ಸ್ವಾತಂತ್ರ್ಯ ಬೇಕೆಂದರು. ಇರಾಕ್ ಒಪ್ಪಲಿಲ್ಲ. ಟರ್ಕಿ, ಇರಾನ್ ಕೂಡ ವಿರೋಧಿಸಿದವು. ಮರುತಿಂಗಳೇ ಇರಾಕಿ ಸೇನೆ ತೈಲದ ನಗರ ಕಿರ್ಕುಕ್ ಅನ್ನು ವಶಪಡಿಸಿಕೊಂಡಿತು. ಮತ ಹಾಕಿದ ಕುರ್ದಿಸ್ತಾನ ಪ್ರದೇಶ ಈಗಲೂ ಇರಾಕಿನ ಭಾಗವೇ. ರಾಜಧಾನಿ ಎರ್ಬಿಲ್‌ನಲ್ಲಿ ಅದಕ್ಕೆ ತನ್ನದೇ ಸಂಸತ್ತು, ಸರ್ಕಾರ ಇವೆ, ಅಷ್ಟೇ.

ನಕ್ಷೆಯನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ದಿಯಾರ್‌ಬಕಿರ್ ಅದರೊಳಗಿದೆಯಾ? ಅದು ಟರ್ಕಿಯ ಊರು, ಅಲ್ಲಿ ಈ ಮತದಾನ ನಡೆದೇ ಇಲ್ಲ. ವಿಶ್ವಸಂಸ್ಥೆಯ ಸದಸ್ಯರ ಪಟ್ಟಿಯನ್ನೂ ಯಾರು ಬೇಕಾದರೂ ತೆರೆದು ನೋಡಬಹುದು. ಅದರಲ್ಲಿ 193 ದೇಶಗಳಿವೆ, ಕೊನೆಗೆ ಸೇರಿದ್ದು 2011ರಲ್ಲಿ ದಕ್ಷಿಣ ಸುಡಾನ್.

ಕಳಿಸಿದವರ ಮೇಲೆ ಸಿಟ್ಟು ಬೇಡ. ನಾಲ್ಕು ದೇಶಗಳಲ್ಲಿ ಹಂಚಿಹೋದ ಈ ಜನರ ಆಸೆ ನಿಜವಾದದ್ದು. ಮೊದಲ ಮಹಾಯುದ್ಧದ ನಂತರ ಆದ 1920ರ ಸೆವ್ರ್ ಒಪ್ಪಂದ ಅವರಿಗೆ ದೇಶದ ದಾರಿ ತೋರಿಸಿತ್ತು. ಅದರ ಬದಲಿಗೆ ಬಂದ 1923ರ ಲೊಸಾನ್ ಒಪ್ಪಂದದಲ್ಲಿ ಆ ಮಾತೇ ಇರಲಿಲ್ಲ.