ಅಕ್ಕನ ಮಗ ಖಾಲಿ ಕೂತಿಲ್ಲ

ಜನವರಿಯಲ್ಲಿ ನಮ್ಮ ಮನೆಯ ಹೀಟಿಂಗ್ ಕೆಟ್ಟಿತು. ಜರ್ಮನಿಯ ಸ್ಟುಟ್‌ಗಾರ್ಟಿನ ಚಳಿಗೆ ಮನೆಯೊಳಗೂ ಜಾಕೆಟ್ಟೇ ಗತಿ. ರಿಪೇರಿಗೆ ಇಬ್ಬರು ಬಂದರು. ನರೆತ ಮೀಸೆಯ ಮೇಸ್ತ್ರಿ, ಜೊತೆಗೆ ಹದಿನೇಳರ ಹುಡುಗ. ಪಾನಾ ಹಿಡಿದದ್ದು ಹುಡುಗ, ಮೇಸ್ತ್ರಿ ಕೈಕಟ್ಟಿ ನಿಂತಿದ್ದರು. ಮುಗಿದ ಮೇಲೆ ಹುಡುಗ ಮಸಿ ಕೈಯಲ್ಲೇ ಒಂದು ನೋಟ್‌ಬುಕ್ ತೆಗೆದು ಅವತ್ತು ಮಾಡಿದ್ದನ್ನು ಬರೆದುಕೊಂಡ. ಅದಕ್ಕೆ ಮೇಸ್ತ್ರಿಯ ಸಹಿ ಬೀಳಬೇಕಂತೆ. ಇಲ್ಲದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ.

ಆ ಸಂಜೆ ದಾವಣಗೆರೆಗೆ ಫೋನ್ ಮಾಡಿದೆ. "ಹುಡುಗ ಏನ್ ಮಾಡ್ತಿದಾನಕ್ಕಾ?"

"ಏನ್ ಮಾಡ್ತಾನಪ್ಪಾ, ಪಿಯುಸಿ ಹೋತಲ್ಲ. ಖಾಲಿ ಅದಾನೆ."

ಖಾಲಿ! ನಾಲ್ಕು ವರ್ಷದಿಂದ ಪಿ.ಬಿ. ರಸ್ತೆಯ ಗ್ಯಾರೇಜಿನ ಶಟರ್ ಎತ್ತುವವನು ಅವನೇ. ಹೋದ ಸಲ ಊರಿಗೆ ಬಂದಾಗ ಅಪ್ಪನ ಹಳೇ ಬೈಕು ಗೇಟಿನೊಳಗೆ ಬರುವಷ್ಟರಲ್ಲಿ, ಸದ್ದು ಕೇಳಿಯೇ "ಮಾಮಾ, ಟ್ಯಾಪೆಟ್ ಲೂಸಾಗಿದೆ" ಅಂದಿದ್ದ.

ನಮ್ಮೂರಲ್ಲಿ ಇಂಜಿನಿಯರಿಂಗ್, ಮೆಡಿಕಲ್ ಕಾಲೇಜು ಬಿಟ್ಟರೆ ಮಾತೇ ಇಲ್ಲ. ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ಕಾಲೇಜಿನ ಹೆಸರು ಹೇಳಬೇಕು, ಗ್ಯಾರೇಜಿನದ್ದಲ್ಲ. ಸರ್ಕಾರವೂ ಹಾಗೇ. ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500. ಪಿಯುಸಿ ಫೇಲಾದವನು ಲೆಕ್ಕಕ್ಕೇ ಇಲ್ಲ. ಅಪ್ರೆಂಟಿಸ್ ಕಾಯ್ದೆ 1961ರಿಂದ ಇದೆ. ಆದರೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಅನ್ನುವುದು ಮೂವತ್ತು, ಅದಕ್ಕಿಂತ ಜಾಸ್ತಿ ಜನ ಇರುವ ಕಡೆಗೆ. ನಮ್ಮ ಹುಡುಗನ ಗ್ಯಾರೇಜಲ್ಲಿ ಇರೋದೇ ಮೂರು ಜನ.

ಇಲ್ಲಿನ ಆ ಹುಡುಗನದ್ದು ಮೂರೂವರೆ ವರ್ಷದ ಕಲಿಕೆ. ವಾರಕ್ಕೆ ಒಂದೆರಡು ದಿನ ಶಾಲೆ, ಮಿಕ್ಕ ದಿನ ಕೆಲಸ. ಕೈಯಲ್ಲಿ ಕರಾರು ಪತ್ರ, ತಿಂಗಳಿಗೆ ಸಂಬಳ. 2024ರಲ್ಲಿ ಸೇರಿದವರಿಗೆ ಮೊದಲ ವರ್ಷ ಸಾಮಾನ್ಯವಾಗಿ 649 ಯೂರೋಗಿಂತ ಕಡಿಮೆ ಕೊಡುವಂತಿರಲಿಲ್ಲ. ಅವನಮ್ಮ ಯಾರ ಹತ್ತಿರವೂ "ಖಾಲಿ" ಅನ್ನಲಾರಳು. ನಮ್ಮವನ ನಾಲ್ಕು ವರ್ಷಕ್ಕೆ ಒಂದು ಚೀಟಿಯೂ ಇಲ್ಲ.

ಹಾಗಂತ ಇಲ್ಲಿ ಎಲ್ಲವೂ ಸರಿ ಅಂತ ಅಲ್ಲ, ಒಪ್ಪಿಕೊಳ್ಳೋಣ. ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸು ಮುಗಿಯುತ್ತಲೇ ಮಕ್ಕಳನ್ನು ಬೇರೆ ಬೇರೆ ಶಾಲೆಗೆ ಹಂಚಿಬಿಡುತ್ತಾರೆ. ಹತ್ತು ವರ್ಷದ ಕೂಸು ಏನಾಗುತ್ತದೆ ಅಂತ ಯಾರಿಗೆ ಗೊತ್ತು? ಹೀಟಿಂಗ್ ಕೆಲಸವಾಗಲಿ, ಕಾರು ರಿಪೇರಿಯಾಗಲಿ, ಸ್ವಂತ ಅಂಗಡಿ ಇಡಲು ಸಾಮಾನ್ಯವಾಗಿ ಮೇಸ್ತ್ರಿ ಪರೀಕ್ಷೆಯನ್ನೂ ಪಾಸಾಗಬೇಕು. ನಮ್ಮೂರ ಮೇಸ್ತ್ರಿ ಮಾರ್ಕ್ಸ್‌ಕಾರ್ಡ್ ಕೇಳಲಿಲ್ಲ. ಹನ್ನೊಂದಕ್ಕೆ ಬೆಣ್ಣೆ ದೋಸೆ ತರಿಸಿ, ಬೈದು, ಕಲಿಸಿದರು.

ಹೋದ ಭಾನುವಾರ ಹುಡುಗನೇ ಫೋನ್ ಮಾಡಿದ್ದ. ಹರಿಹರದ ಕಡೆ ಬಾಡಿಗೆಗೆ ಒಂದು ಮಳಿಗೆ ನೋಡಿದ್ದಾನಂತೆ. "ಅವ್ವಂಗೆ ಈಗಲೇ ಹೇಳಬೇಡ ಮಾಮಾ" ಅಂದ.