ಅವ್ವನ ಮೊಣಕೈ ಅಳತೆಗೆ ಅಡುಗೆ ಕಟ್ಟೆ

ಮೈಸೂರಿನ ಬೋಗಾದಿ ಕಡೆ ನಾವು ಕಟ್ಟಿಸುತ್ತಿದ್ದ ಮನೆಗೆ ಗಾರೆ ಕೆಲಸ ಮುಗಿದಿತ್ತು. ಅಡುಗೆಮನೆಗೆ ಕಟ್ಟೆ ಕೂರಿಸುವ ದಿನ ನಾನು ಪುಣೆಯಿಂದ ಬಂದಿದ್ದೆ. ಮಂಡ್ಯದ ಹತ್ತಿರದ ನಮ್ಮ ಊರಿನಿಂದ ಅವ್ವನನ್ನೂ ಕರೆಸಿಕೊಂಡಿದ್ದೆವು. ಮೇಸ್ತ್ರಿ ಗೋಡೆಯ ಮೇಲೆ 34 ಇಂಚಿಗೆ ಗೆರೆ ಹಾಕಿ, "ಎಲ್ಲಾ ಮನೆಗೂ ಇದೇ ಅಳತೆ ಸಾರ್" ಅಂದರು. ಅವ್ವ ಗೆರೆಯ ಹತ್ತಿರ ಹೋಗಿ ನಿಂತಳು. ಎರಡೂ ಕೈಯಲ್ಲಿ ಕೋಲು ಹಿಡಿದ ಹಾಗೆ ಮಾಡಿ ಒಂದೆರಡು ಸಲ ಗಾಳಿಯಲ್ಲೇ ತಿರುವಿ ನೋಡಿದಳು.

"ಇಷ್ಟೆತ್ತರದಲ್ಲಿ ಹಿಟ್ಟು ತೊಳ್ಸಕ್ಕಾಯ್ತದೇನ್ಲಾ ಮಗ? ರಟ್ಟೆ ಬಿದ್ದೋಯ್ತದೆ."

ನಮ್ಮ ಕಡೆ ಹಿಟ್ಟು ಅಂದರೆ ರಾಗಿ ಮುದ್ದೆ, ತೊಳಸುವುದು ಅಂದರೆ ಅದನ್ನು ಕೋಲಿನಲ್ಲಿ ತಿರುವುವುದು. ಟೇಪು ತಗೊಂಡು ಲೆಕ್ಕ ಹಾಕಿದೆ. ಕಟ್ಟೆ 34 ಇಂಚು. ಅದರ ಮೇಲೆ ಗ್ಯಾಸ್ ಒಲೆ 5 ಇಂಚು. ಒಲೆ ಮೇಲೆ ಹಿಟ್ಟಿನ ತಪ್ಪಲೆ 9 ಇಂಚು. ತಪ್ಪಲೆಯ ಬಾಯಿ ನೆಲದಿಂದ 48 ಇಂಚು ಮೇಲೆ, ಅಂದರೆ ಸರಿಯಾಗಿ 4 ಅಡಿ. ಅವ್ವನ ಎತ್ತರ 5 ಅಡಿಗೆ ಒಂದು ಇಂಚು ಕಮ್ಮಿ. ತಪ್ಪಲೆ ಅವಳ ಹೆಗಲ ಮಟ್ಟಕ್ಕೆ ಬಂತು. ಸಾರು ಕುದಿಸುವುದಕ್ಕೆ, ಒಗ್ಗರಣೆ ಹಾಕುವುದಕ್ಕೆ ಹೇಗೋ ನಡೆಯುತ್ತೆ. ಹಿಟ್ಟಿಗೆ ನಡೆಯಲ್ಲ. ರಾಗಿ ಹಿಟ್ಟು ಬೆಂದ ಮೇಲೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಮೇಲಿನಿಂದ ಭಾರ ಬಿಟ್ಟು ತೊಳಸಬೇಕು. ಮೈಭಾರ ಬಿದ್ದರೇನೇ ಗಂಟು ಒಡೆಯುವುದು. ಊರಿನ ಹಳೇ ಮನೆಯಲ್ಲಿ ಒಲೆ ನೆಲಮಟ್ಟದಲ್ಲಿತ್ತು. ತಪ್ಪಲೆ ತಿರುಗದ ಹಾಗೆ ಕವೆಗೋಲು ಕೊಟ್ಟು, ಬಗ್ಗಿ ನಿಂತು ತೊಳಸುತ್ತಿದ್ದಳು. ಹತ್ತು ಜನಕ್ಕೆ ಹಿಟ್ಟು ಹಾಕಿದರೂ ಒಂದು ದಿನ ರಟ್ಟೆ ನೋವು ಅಂದವಳಲ್ಲ.

ನಾನು ಪುಣೆ ಸೇರಿ 22 ವರ್ಷ ಆಯಿತು. ಅಲ್ಲಿ ಅಡುಗೆ ಕಟ್ಟೆಗೆ ಓಟಾ ಅನ್ನುತ್ತಾರೆ. ನಮ್ಮ ಎದುರು ಮನೆಯ ಕಾಕು, ಅಂದರೆ ಚಿಕ್ಕಮ್ಮ, ದಿನಾ ಬೆಳಗ್ಗೆ ಓಟಾ ಮೇಲೆ ಪೋಳಪಾಟ ಇಟ್ಟುಕೊಂಡು ಚಪಾತಿ ಲಟ್ಟಿಸುತ್ತಾರೆ. ಆ ಮಣೆ ಎರಡು ಇಂಚು ಎತ್ತರ ಇದ್ದರೆ ಜಾಸ್ತಿ. ತವಾ ಅಂತೂ ಒಲೆಗೆ ಅಂಟಿಕೊಂಡೇ ಇರುತ್ತೆ. ಅವರಿಗೆ 34 ಇಂಚು ಸರಿಯಾಗಿ ಹೊಂದುತ್ತೆ. ಅದೇ ಅಳತೆಯನ್ನು ತಂದು ಮುದ್ದೆ ಉಣ್ಣುವ ಮನೆಗೆ ಹಾಕಿದರೆ ಹೇಗೆ ಹೊಂದೀತು? ಹೊಸ ಮನೆಗೆ ಸಾಮಾನು ಮಾಡಿಸುವವರಿಗೆ ನಾನು ಹೇಳಬೇಕು ಅಂದುಕೊಂಡಿರುವುದು ಇದನ್ನೇ. ಮನೆಯಲ್ಲಿ ದಿನಾ ಏನು ನಡೆಯುತ್ತೋ ಅದನ್ನು ಮೊದಲು ಅಳೆಯಿರಿ. ಫೋನಿನಲ್ಲಿ ಪಟ ನೋಡುವುದು ಆಮೇಲೆ.

ನಾವು ಕಟ್ಟೆಯನ್ನು ಎರಡು ಎತ್ತರಕ್ಕೆ ಮಾಡಿಸಿದೆವು. ಉದ್ದನೆಯ ಭಾಗ 33 ಇಂಚು. ಕಿಟಕಿ ಪಕ್ಕದಲ್ಲಿ 3 ಅಡಿ ಉದ್ದದ ತುಂಡು ಮಾತ್ರ 24 ಇಂಚು, ಅದರ ಮೇಲೆ ಒಂದೇ ಉರಿಯ ಒಲೆ. ಈಗ ತಪ್ಪಲೆಯ ಬಾಯಿ 38 ಇಂಚಿಗೆ ಬರುತ್ತೆ, ಅವ್ವನ ಮೊಣಕೈ ಮಟ್ಟಕ್ಕೆ. ಇಂಟೀರಿಯರ್ ಹುಡುಗ ಒಪ್ಪಿರಲಿಲ್ಲ. ಕಟ್ಟೆ ಒಂದೇ ಸಮ ಇದ್ದರೇನೇ ಲಕ್ಷಣ ಅಂದ. ಅವನ ಮಾತು ಸುಳ್ಳಲ್ಲ, ನೋಡುವುದಕ್ಕೆ ಹಾಗೆ ಚೆನ್ನ. ಆದರೆ ಈ ತಗ್ಗು ಕಟ್ಟೆ ಬರೀ ಮುದ್ದೆಗೆ ಅಂತ ಮಾಡಿಸಿದ್ದು, ಈಗ ಎಲ್ಲದಕ್ಕೂ ಬರುತ್ತಿದೆ. ದೋಸೆ ಹಿಟ್ಟು ರುಬ್ಬುವ ಗ್ರೈಂಡರ್ ಅಲ್ಲೇ ಕೂತಿದೆ. ಕಲ್ಲಿನ ಗ್ರೈಂಡರನ್ನು ದಿನಾ ಎತ್ತಿ ಇಳಿಸುವುದು ಯಾರ ಕೈಲೂ ಆಗಲ್ಲ. ತಗ್ಗಿನಲ್ಲಿ ಇದ್ದರೆ ಮೇಲಿನಿಂದ ಅಕ್ಕಿ ಹಾಕಬಹುದು, ಹಿಟ್ಟು ಬಳಿಯಬಹುದು. ಸೊಪ್ಪು ಬಿಡಿಸುವಾಗ ಅವ್ವ ಒಂದು ಸ್ಟೂಲ್ ಹಾಕಿಕೊಂಡು ಅಲ್ಲೇ ಕೂರುತ್ತಾಳೆ. ನಾಲ್ಕನೇ ಕ್ಲಾಸಿನ ನನ್ನ ತಮ್ಮನ ಮಗಳು ಅಲ್ಲೇ ನಿಂತು ಅವರೆಕಾಳು ಹಿಸುಕುತ್ತಾಳೆ.

ಪುಣೆಯಿಂದ ನಾನು ತಂದದ್ದೂ ಇದೆ. ಅದನ್ನು ಪ್ರೀತಿಯಿಂದಲೇ ತಂದೆ. ಅಲ್ಲಿಯ ಅಡುಗೆಮನೆಗಳಲ್ಲಿ ಕಟ್ಟೆ ಕೆಳಗೆ ಸ್ಟೀಲಿನ ಟ್ರಾಲಿ ಹಾಕಿಸುತ್ತಾರೆ. ಎಳೆದರೆ ಪೂರ್ತಿ ಹೊರಗೆ ಬರುತ್ತೆ, ಒಳಗಿರುವುದೆಲ್ಲ ಒಂದೇ ಸಲಕ್ಕೆ ಕಾಣುತ್ತೆ. ನಮ್ಮ ಕಡೆ ಕಡಪ ಕಲ್ಲಿನ ಅರೆಗಳು. ಗಟ್ಟಿ, ತೊಳೆಯಬಹುದು, ಗೆದ್ದಲು ಹಿಡಿಯಲ್ಲ. ಕಷ್ಟ ಇರುವುದು ಅದರ ಆಳದಲ್ಲಿ. 24 ಇಂಚು ಒಳಗೆ ಹೋಗುವ ಅರೆಯಲ್ಲಿ ಹಿಂದಿನ ಸಾಲಿನ ಡಬ್ಬಕ್ಕೆ ಕೈ ಹಾಕಬೇಕಾದರೆ ಮಂಡಿ ಊರಬೇಕು. ಊರಿನ ಮನೆಯಲ್ಲಿ ಅವ್ವ ಒಂದು ಕೈ ನೆಲಕ್ಕೆ ಕೊಟ್ಟು, ಇನ್ನೊಂದು ಕೈಯಲ್ಲಿ ಹುರುಳಿಕಾಳಿನ ಡಬ್ಬ ತಡಕುವುದನ್ನು ಎಷ್ಟೋ ವರ್ಷ ನೋಡಿದ್ದೇನೆ. ನೋಡಿಯೂ ಏನೂ ಮಾಡಿರಲಿಲ್ಲ. ಅದಕ್ಕೇ ಇಲ್ಲಿ ಎರಡನ್ನೂ ಸೇರಿಸಿದೆವು. ಅಡ್ಡಗೋಡೆಗಳಿಗೆ ಕಡಪ ಕಲ್ಲು, ನಡುವೆ ಸ್ಟೀಲ್ ಟ್ರಾಲಿ, ಮುಂದೆ ಮಾತ್ರ ಪ್ಲೈವುಡ್ ಬಾಗಿಲು.

ಮರದ ಡಬ್ಬಿಗಳನ್ನೇ ಜೋಡಿಸುವ ಅಡುಗೆಮನೆಯ ಪಾಡು ನನಗೆ ಗೊತ್ತು. ಪುಣೆಯ ನಮ್ಮ ಫ್ಲಾಟಿಗೆ ಮೊದಲ ಸಲ ಅಂಥದ್ದನ್ನೇ ಹಾಕಿಸಿದ್ದೆವು. ಎರಡನೇ ಮಳೆಗಾಲಕ್ಕೆ ಸಿಂಕಿನ ಕೆಳಗಿನ ಹಲಗೆ ಹಪ್ಪಳದ ಹಾಗೆ ಉಬ್ಬಿತು. ಕಿತ್ತು ನೋಡಿದರೆ ಒಳಗೆ ಪಾರ್ಟಿಕಲ್ ಬೋರ್ಡ್. ಮರದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ ಅದು. ಅಂಚಿನ ಪಟ್ಟಿ ಒಂದು ಕಡೆ ಬಿಟ್ಟರೆ ಸಾಕು, ನೀರು ಹೀರಿಕೊಂಡು ಊದುತ್ತೆ. ಒಣಗಿದ ಮೇಲೂ ಮೊದಲಿನ ಹಾಗೆ ಆಗಲ್ಲ. ಕೇಳುವುದಾದರೆ ಪ್ಲೈವುಡ್ ಕೇಳಿ. ಅದರ ಮೇಲೆ ಐಎಸ್ 710 ಅಂತ ಭಾರತೀಯ ಮಾನಕದ ಮುದ್ರೆ ಇದೆಯಾ ನೋಡಿ, ಅದು ನೀರು ತಡೆಯುವ ಮರೈನ್ ಪ್ಲೈ. ಐಎಸ್ 303ರಲ್ಲಿ ಬಿಡಬ್ಲ್ಯೂಆರ್ (ಕುದಿನೀರು ತಾಳುವ ದರ್ಜೆ) ಅಂತ ಇರುವುದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ನಡುಮನೆಯ ಕಪಾಟಿಗೆ ಧಾರಾಳವಾಗಿ ಸಾಕು. ಸಿಂಕಿನ ಕೆಳಗೆ ಮಾತ್ರ ಯಾವ ಮರವೂ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸ್ಟೀಲಿನ ವಿಷಯದಲ್ಲೂ ಒಂದು ಮಾತು. ಟ್ರಾಲಿ ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು, "ನೋಡಿ, ಅಂಟಲ್ಲ, 304 ಗ್ರೇಡು" ಅನ್ನುತ್ತಾರೆ. ಅದಕ್ಕಿಂತ ಅಗ್ಗದ 202 ಗ್ರೇಡಿಗೂ ಅಯಸ್ಕಾಂತ ಅಷ್ಟಾಗಿ ಅಂಟಲ್ಲ. 304ರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತೆ. ಅದಕ್ಕೇ ಬೆಲೆ ಜಾಸ್ತಿ, ತುಕ್ಕು ಕಮ್ಮಿ. ಅಯಸ್ಕಾಂತವನ್ನು ನಂಬಿಕೊಳ್ಳದೆ ಬಿಲ್ಲಿನಲ್ಲಿ ಗ್ರೇಡು ಬರೆಸಿಕೊಳ್ಳಿ.

ಪುಣೆಯಿಂದ ತಂದ ಇನ್ನೊಂದು ಸಾಮಾನು ಮಾಂಡಣಿ. ಮಹಾರಾಷ್ಟ್ರದ ಹಳೇ ಅಡುಗೆಮನೆಗಳಲ್ಲಿ ಗೋಡೆಗೆ ಹೊಡೆದಿರುತ್ತಾರಲ್ಲ, ಸ್ಟೀಲಿನ ದೊಡ್ಡ ಸ್ಟ್ಯಾಂಡು, ಅದು. ಮೇಲಿನ ಸಾಲಿನಲ್ಲಿ ಡಬ್ಬಗಳು, ನಡುವೆ ತಟ್ಟೆಗಳನ್ನು ನಿಲ್ಲಿಸುವ ಸರಳುಗಳು, ಕೆಳಗೆ ಲೋಟ ಬಟ್ಟಲು, ಅಂಚಿಗೆ ಸೌಟು ನೇತುಹಾಕುವ ಕೊಕ್ಕೆಗಳು. ತೊಳೆದ ತಟ್ಟೆಯನ್ನು ಹಾಗೇ ನಿಲ್ಲಿಸಿದರೆ ನೀರು ತಾನೇ ಸೋರಿ ಒಣಗುತ್ತೆ. ಒರೆಸುವ ಕೆಲಸ ಇಲ್ಲ. ಪುಣೆಯಲ್ಲೇ ಹೊಸ ಫ್ಲಾಟಿನವರು ಇದನ್ನು ಕಿತ್ತು ಬಾಗಿಲಿರುವ ಕಪಾಟು ಹಾಕಿಸುತ್ತಿದ್ದಾರೆ. ನನಗೆ ಬೇಜಾರಾಗುತ್ತೆ. ಒದ್ದೆ ತಟ್ಟೆಯನ್ನು ಕಪಾಟಿನಲ್ಲಿ ಮುಚ್ಚಿಟ್ಟರೆ ಮುಗ್ಗಲು ವಾಸನೆ, ಜಿರಲೆ ಎರಡೂ ಬರುತ್ತವೆ. ನಾನು 4 ಅಡಿ ಅಗಲದ ಒಂದು ಮಾಂಡಣಿಯನ್ನು ಪುಣೆಯಿಂದಲೇ ಹೊತ್ತು ತಂದೆ. ತಮ್ಮನ ಹೆಂಡತಿಗೆ ಮೊದಲು ಇಷ್ಟ ಇರಲಿಲ್ಲ, ಎಲ್ಲ ಬಯಲಿಗೆ ಕಾಣುತ್ತೆ ಅಂದಳು. ಆರು ತಿಂಗಳಾದ ಮೇಲೆ ಇನ್ನೊಂದು ಚಿಕ್ಕದು ಸಿಗುತ್ತಾ ಭಾವ ಅಂತ ಅವಳೇ ಕೇಳಿದ್ದಾಳೆ.

ಇಷ್ಟು ಹೇಳುವಾಗ ನೆನಪಾಯಿತು. ಪುಣೆಯ ಹಳೇ ಮನೆಗಳ ನೆಲಕ್ಕೆ ಹಾಕಿರುವ ಕಲ್ಲಿಗೆ ಶಹಾಬಾದಿ ಫರಶಿ ಅಂತ ಹೆಸರು. ಶಹಾಬಾದ್ ನಮ್ಮ ಕಲಬುರಗಿ ಜಿಲ್ಲೆಯದು. ಅಲ್ಲಿ ಬರಿಗಾಲಲ್ಲಿ ನಡೆಯುವಾಗೆಲ್ಲ ನಮ್ಮ ನೆಲದ ಮೇಲೇ ನಡೆದ ಹಾಗೆ ಆಗುತ್ತಿತ್ತು.

ಪಾತ್ರೆ ತೊಳೆಯುವುದಕ್ಕೆ ಅಲ್ಲಿ ಡ್ರೈ ಬಾಲ್ಕನಿ, ಇಲ್ಲಿ ಯುಟಿಲಿಟಿ. ಹೆಸರು ಬೇರೆ, ಕೆಲಸ ಒಂದೇ. 30-40 ಸೈಟಿನಲ್ಲಿ ಹಿತ್ತಲು ಅನ್ನುವುದು ಉಳಿಯುವುದಿಲ್ಲ, ಹಾಗಾಗಿ ಯುಟಿಲಿಟಿಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಸಿಲಿಂಡರನ್ನೂ ಅಲ್ಲೇ ಇಡಿ. ಕಟ್ಟೆ ಕೆಳಗೆ ಬಾಗಿಲು ಮುಚ್ಚಿ ಇಡುವ ಹಾಗಿದ್ದರೆ ಬಾಗಿಲಿನ ತಳದಲ್ಲಿ ಗಾಳಿಕಿಂಡಿ ಬೇಕೇ ಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗಲ್ಲ, ನೆಲ ಹಿಡಿದು ನಿಲ್ಲುತ್ತೆ. ಪುಣೆಯ ನಮ್ಮ ಫ್ಲಾಟಿಗೆ ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಅದು ಮೇಲಕ್ಕೆ ಏರುತ್ತೆ. ಅಲ್ಲಿಯ ರೂಢಿಯಲ್ಲಿ ನಾನು ಇಲ್ಲಿಯೂ ಕಿಂಡಿಯನ್ನು ಮೇಲೆ ಬಿಡಿಸಲು ಹೊರಟಿದ್ದೆ. ಎಲೆಕ್ಟ್ರಿಷಿಯನ್ ಹುಡುಗ ಸಮಯಕ್ಕೆ ಸರಿಯಾಗಿ ತಡೆದ. ಅವನಿಗೆ ಪುಣ್ಯ ಬರಲಿ.

ನಡುಮನೆ ವಿಷಯಕ್ಕೆ ಬಂದರೆ ನಾನು ಪೂರ್ತಿ ನಮ್ಮೂರಿನ ಕಡೆ. ಪುಣೆಯಲ್ಲಿ ಹಾಲ್ ಚಿಕ್ಕದು. ಸೋಫಾ, ಟೀವಿ, ಮೂಲೆಯಲ್ಲಿ ಮರದ ದೇವ್ಹಾರ, ಅಂದರೆ ದೇವರ ಮಂಟಪ, ಇಟ್ಟರೆ ಮುಗಿಯಿತು. ಮೂರು ಜನರ ನಮ್ಮ ಸಂಸಾರಕ್ಕೆ ಅದು ಸಾಕು. ಮೈಸೂರಿನ ಮನೆಯ ನಡುಮನೆ 12 ಅಡಿಗೆ 18 ಅಡಿ. ಇಂಟೀರಿಯರ್‌ನವರು ತಂದ ನಕ್ಷೆಯಲ್ಲಿ ಅಷ್ಟಕ್ಕೂ ಸಾಮಾನು ತುಂಬಿಸಿದ್ದರು. ಒಂದು ಎಲ್ ಆಕಾರದ ಸೋಫಾ, ಗಾಜಿನ ಟೀಪಾಯಿ, ಗೋಡೆಯುದ್ದಕ್ಕೂ ಟೀವಿ ಕಪಾಟು. ಎಲ್ಲ ಗೋಡೆಗೆ, ನೆಲಕ್ಕೆ ಸ್ಕ್ರೂ ಹೊಡೆದು ಕೂರಿಸುವಂಥದ್ದು. ನಾನು ಅವ್ವನನ್ನು, ನನ್ನ ಹೆಂಡತಿಯನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದೆ. ಈ ನಡುಮನೆಯಲ್ಲಿ ವರ್ಷದಲ್ಲಿ ಏನೇನು ನಡೆಯುತ್ತೆ?

ಅವ್ವ ಮೊದಲು ಹೇಳಿದ್ದು ಪಿತೃಪಕ್ಷ. ಅಪ್ಪನ ಫೋಟೋ ಮುಂದೆ ಬಾಳೆಎಲೆ ಹಾಕಿ ಎಡೆ ಇಡಬೇಕು. ಹೊಸ ಬಟ್ಟೆ, ಅಪ್ಪನಿಗೆ ಇಷ್ಟವಾದ ಕಜ್ಜಾಯ, ಬಾಡಿನ ಸಾರು, ಧೂಪ. ಆಮೇಲೆ ಊರಿನಿಂದ ಬಂದ 30 ಜನ ಎರಡು ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಉಣ್ಣಬೇಕು. ನಾವು ಎಡೆ ಇಡುವುದು ಮಹಾಲಯ ಅಮಾವಾಸ್ಯೆಗೆ. ಮಾರನೇ ದಿನವೇ ಪಾಡ್ಯ, ನವರಾತ್ರಿ ಶುರು. ನನ್ನ ಹೆಂಡತಿ ಮೈಸೂರಿನವಳು. ಅವಳ ತವರಿನಿಂದ ಬಂದ ಪಟ್ಟದ ಗೊಂಬೆಗಳನ್ನು ಅದೇ ನಡುಮನೆಯಲ್ಲಿ ಕೂರಿಸಬೇಕು. 7 ಮೆಟ್ಟಿಲು, ಒಂದೊಂದು 10 ಇಂಚು ಅಗಲ. ಅಲ್ಲಿಗೆ ಗೋಡೆಯಿಂದ ಹತ್ತಿರ ಹತ್ತಿರ 6 ಅಡಿ ಮುಂದೆ ಬರುತ್ತೆ. ಸಂಜೆ ಆರತಿಗೆ ಬರುವ ಮಕ್ಕಳು, ಹೆಂಗಸರು ಕೂರುವುದಕ್ಕೆ ಅದರ ಮುಂದೆ ಜಾಗ ಬೇಕು. ಒಂದೇ ರಾತ್ರಿಯಲ್ಲಿ ಎಡೆಯ ಮನೆ ಗೊಂಬೆ ಮನೆ ಆಗಬೇಕು. ಅದಕ್ಕೂ ಮುಂಚೆ ವರಮಹಾಲಕ್ಷ್ಮಿ, ಗೌರಿ ಗಣೇಶ. ಮದುವೆ, ಸಾವು ನೋವು ಅಂತ ನೆಂಟರು ಬಂದರೆ ರಾತ್ರಿ ಎಂಟು ಹತ್ತು ಜನ ಮಂದಲಿಗೆ ಹಾಸಿಕೊಂಡು ಅಲ್ಲೇ ಮಲಗಬೇಕು.

ಇದನ್ನೆಲ್ಲ ಬರೆದುಕೊಂಡ ಮೇಲೆ ನಕ್ಷೆಯಲ್ಲಿ ಸ್ಕ್ರೂ ಹೊಡೆಯುವ ಸಾಮಾನು ಒಂದೂ ಉಳಿಯಲಿಲ್ಲ. ಊರಿನ ಮನೆ ಕೆಡವಿದಾಗ ಎತ್ತಿಟ್ಟಿದ್ದ ತೇಗದ ತೊಲೆ ಇತ್ತು. ಅದರಲ್ಲಿ ಆಚಾರಿಯಿಂದ ಎರಡು ದಿವಾನ ಮಾಡಿಸಿದೆವು. ಒಂದೊಂದು 6 ಅಡಿ ಉದ್ದ, ಎರಡೂವರೆ ಅಡಿ ಅಗಲ, ಕಾಲಿಗೆ ಚಕ್ರ. ಹಲಗೆ ಎತ್ತಿದರೆ ಒಳಗೆ ಪೆಟ್ಟಿಗೆ. ಒಂದರಲ್ಲಿ ಗೊಂಬೆಗಳು ಹಳೇ ಪಂಚೆ ತುಂಡು ಸುತ್ತಿಕೊಂಡು ಮಲಗಿವೆ, ಜೊತೆಗೆ ಬಿಚ್ಚಿ ಮಡಚುವ ಕಬ್ಬಿಣದ ಮೆಟ್ಟಿಲು. ಇನ್ನೊಂದರಲ್ಲಿ ಜಮಖಾನ, ದಿಂಬು, ಹೊದಿಕೆ. ನಾಲ್ಕು ಬೆತ್ತದ ಕುರ್ಚಿ ಇವೆ, ಬೇಕಾದಾಗ ವರಾಂಡಕ್ಕೆ ಹೋಗುತ್ತವೆ. ಟೀವಿ ಕೂತವರ ಕಣ್ಣಿನ ಮಟ್ಟಕ್ಕೆ ಗೋಡೆಯಲ್ಲಿದೆ, ಕೆಳಗೆ ಕಪಾಟು ಇಲ್ಲ. ಎದುರು ಗೋಡೆಗೆ ಬೀಟೆ ಮರದ ಇನ್‌ಲೇ ಕೆಲಸದ ಒಂದು ಚಿಕ್ಕ ಪಟ, ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂನಿಂದ ತಂದದ್ದು. ಮೈಸೂರಿನ ಈ ಕುಸುರಿ ಕೆಲಸಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಹೊಸ ಮನೆಗೆ ಒಂದಾದರೂ ತಗೊಳ್ಳಿ, ಮಾಡುವವರ ಕೈ ನಿಲ್ಲಬಾರದು.

ಊಟದ ಮೇಜನ್ನು ಇನ್ನೂ ತಂದಿಲ್ಲ. ತಮ್ಮನಿಗೆ ಬೇಕು, ಅವ್ವನಿಗೆ ಬೇಡ. ಅವ್ವ ನೆಲದ ಮೇಲೆ ಕೂತೇ ಮುದ್ದೆ ಮುರಿಯುವುದು. ಆದರೆ ಈಚೆಗೆ ಏಳುವಾಗ ಗೋಡೆ ಹಿಡಿಯುತ್ತಾಳೆ. ಹೋದ ಸಲ ಬಂದಾಗ ಆಚಾರಿಗೆ ಒಂದು ಅಡಿ ಎತ್ತರದ ಅಗಲವಾದ ಮಣೆಗೆ ಅಳತೆ ಕೊಟ್ಟು ಬಂದಿದ್ದೇನೆ. ಅದರ ಮೇಲೆ ಕೂತರೆ ತಟ್ಟೆ ಎಲ್ಲಿ ಇಡಬೇಕು ಅಂತ ಅವ್ವ ಫೋನಿನಲ್ಲಿ ಕೇಳಿದಳು. ಅದನ್ನು ಯೋಚಿಸಿರಲಿಲ್ಲ. ಈ ಭಾನುವಾರ ಟೇಪು ಹಿಡಿದು ಮತ್ತೆ ಕೂರಬೇಕು.